ಮೊಟ್ಟೆ ಎಲ್ಲಿ ಬಿತ್ತು ಎಂದು ಕೇಳಿ: ಉತ್ತರ ಅಮೆರಿಕದ ಮಹಾಸರೋವರಗಳ ಮೀನುಗಳು

ಕರ್ನಾಟಕದಲ್ಲಿ ಕೆರೆ ಗುತ್ತಿಗೆ ಹಿಡಿದವರನ್ನು ಮೀನು ಎಲ್ಲಿಂದ ಬರುತ್ತದೆ ಎಂದು ಕೇಳಿ ನೋಡಿ. ಮರಿ ತಂದು ಬಿಡಬೇಕು, ಇನ್ನೆಲ್ಲಿಂದ ಬರುತ್ತದೆ ಎನ್ನುತ್ತಾರೆ. ಮಳೆ ಹಿಡಿದು ಕೆರೆ ತುಂಬಿದ ಮೇಲೆ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಾರೆ. ಒಳಗಿನ ನೀರು, ಕೆರೆಯ ನೀರು ಒಂದೇ ಹದಕ್ಕೆ ಬರಲೆಂದು ಚೀಲವನ್ನು ಸ್ವಲ್ಪ ಹೊತ್ತು ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚುತ್ತಾರೆ. ಮುಂದಿನ ವರ್ಷ ಮತ್ತೆ ಇದೇ ಕೆಲಸ. ಈ ಮೀನುಗಳು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ, ಅವಕ್ಕೆ ಮಳೆಗಾಲದ ಹರಿಯುವ ನದಿ ಬೇಕು. ಹಾಗಾಗಿ 'ಬಿತ್ತನೆ' ಎಂಬ ಮಾತು ನಮ್ಮ ಮೀನುಗಾರಿಕೆಯಲ್ಲಿ ಹೊಲದಿಂದಲೇ ಬಂದು ನೆಲೆಸಿದೆ. ಬಿತ್ತಿದರೆ ಬೆಳೆ, ಇಲ್ಲದಿದ್ದರೆ ಇಲ್ಲ.

ಇದೇ ಲೆಕ್ಕಾಚಾರವನ್ನು ಅಮೆರಿಕ ಮತ್ತು ಕೆನಡಾ ತಮ್ಮ ಐದು ಮಹಾಸರೋವರಗಳಲ್ಲಿ ದಶಕಗಳ ಕಾಲ ಹಾಕಿದವು. ಮೀನು ಹೋಯಿತೇ? ಮರಿ ಬಿಡಿ. ಕೋಟಿಗಟ್ಟಲೆ ಮರಿ ಬಿಟ್ಟರು, ಅವು ಬೆಳೆದವು, ಹಿಡಿದರು, ತಿಂದರು. ಆದರೆ ಅನೇಕ ಕಡೆ ಆ ಮೀನುಗಳ ಮೊಟ್ಟೆಯಿಂದ ಒಂದೇ ಒಂದು ಮರಿಯೂ ದೊಡ್ಡದಾಗಲಿಲ್ಲ. ಈ ಉಪನ್ಯಾಸದ ವಿಷಯ ಅದೇ. ಈ ಸರೋವರಗಳ ಒಂದೊಂದು ಮೀನನ್ನೂ ಅದರ ಮೊಟ್ಟೆಯಿಂದ ಅರ್ಥಮಾಡಿಕೊಳ್ಳಬೇಕು. ಮೊಟ್ಟೆ ಎಲ್ಲಿ ಬೀಳುತ್ತದೆ, ಎಷ್ಟು ದಿನ ಅಲ್ಲಿರುತ್ತದೆ, ಒಡೆದ ಮೇಲೆ ಮರಿಗೆ ಮೊದಲ ತುತ್ತು ಎಲ್ಲಿ ಸಿಗುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಮೀನಿನ ಹಣೆಬರಹ ಓದಬಹುದು.

ಮೊದಲು ನೀರಿನ ಅಳತೆ. ಸುಪೀರಿಯರ್, ಮಿಷಿಗನ್, ಹ್ಯೂರಾನ್, ಈರಿ, ಒಂಟಾರಿಯೊ. ಐದೂ ಸೇರಿ ಸುಮಾರು 2,44,000 ಚದರ ಕಿಲೋಮೀಟರ್. ಕರ್ನಾಟಕದ ವಿಸ್ತೀರ್ಣ 1,91,791. ಹಿಮಯುಗದ ಕೊನೆಗೆ ಬರ್ಫದ ರಾಶಿ ಹಿಂದೆ ಸರಿದಾಗ ಅದು ಕೊರೆದ ಗುಂಡಿಗಳಲ್ಲಿ ನಿಂತ ನೀರಿದು, ಅಂದರೆ ವಯಸ್ಸು ಹತ್ತು ಹದಿನಾಲ್ಕು ಸಾವಿರ ವರ್ಷದ ಆಸುಪಾಸು. ಸುಪೀರಿಯರಿನ ಗರಿಷ್ಠ ಆಳ 406 ಮೀಟರ್, ಸರಾಸರಿಯೇ 147. ಈರಿಯ ಗರಿಷ್ಠ ಆಳ 64 ಮೀಟರ್, ಸರಾಸರಿ 19 ಮಾತ್ರ. ಈ ವ್ಯತ್ಯಾಸ ಮೀನಿಗೆ ಬಹಳ ದೊಡ್ಡದು. ಅಲ್ಲಿನ ಮೀನುಗಾರಿಕೆಯವರು ಬಾಯಿಲೆಕ್ಕವಾಗಿ ಹೇಳುವುದುಂಟು: ಸುಪೀರಿಯರಿನಲ್ಲಿ ಅರ್ಧ ನೀರು, ನೂರಕ್ಕೆ ಎರಡರಷ್ಟು ಮೀನು, ಈರಿಯಲ್ಲಿ ನೂರಕ್ಕೆ ಎರಡರಷ್ಟು ನೀರು, ಅರ್ಧ ಮೀನು. ಆಳವಾದ ತಣ್ಣೀರಿನಲ್ಲಿ ಎಲ್ಲವೂ ನಿಧಾನ, ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ಎಲ್ಲವೂ ಬೇಗ.

ಕಲ್ಲಿನ ಸಂದಿಯ ಮೊಟ್ಟೆ: ಲೇಕ್ ಟ್ರೌಟ್

ಈ ನೀರಿನ ರಾಜ ಲೇಕ್ ಟ್ರೌಟ್. ಹೆಸರಿನಲ್ಲಿ ಟ್ರೌಟ್ ಇದ್ದರೂ ಶಾಸ್ತ್ರದ ಪ್ರಕಾರ ಇದು ಟ್ರೌಟಿನ ಹತ್ತಿರದ ನೆಂಟನಾದ ಚಾರ್ ಗುಂಪಿನದು. ಬೂದು ಅಥವಾ ಹಸಿರು ಮೈ, ಮೈತುಂಬ ತಿಳಿ ಚುಕ್ಕೆ, ಆಳವಾಗಿ ಸೀಳಿದ ಬಾಲ. ಆರೇಳು ವರ್ಷ ತುಂಬದೆ ಮೊಟ್ಟೆ ಇಡುವುದಿಲ್ಲ, ಸುಪೀರಿಯರಿನಲ್ಲಿ ಇನ್ನೂ ತಡ.

ಇದರ ಮೊಟ್ಟೆಯ ಕ್ರಮ ಹೀಗೆ. ಅಕ್ಟೋಬರ್, ನವೆಂಬರಿನಲ್ಲಿ ನೀರು 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ, ಕತ್ತಲಾದ ಮೇಲೆ, ನೀರಡಿಯ ಕಲ್ಲಿನ ದಿಬ್ಬಗಳ ಮೇಲೆ ಗಂಡು ಹೆಣ್ಣು ಸೇರುತ್ತವೆ. ಸಾಲ್ಮನ್ ಮೀನಿನಂತೆ ಬಾಲದಿಂದ ಗುಂಡಿ ತೋಡುವುದಿಲ್ಲ, ಗೂಡು ಮಾಡುವುದಿಲ್ಲ, ಕಾವಲೂ ಇಲ್ಲ. ಸುಮಾರು 5 ಮಿಲಿಮೀಟರ್ ಗಾತ್ರದ, ನೀರಿಗಿಂತ ಭಾರವಾದ ಮೊಟ್ಟೆಗಳು ದಪ್ಪ ಕಲ್ಲುಗಳ ಸಂದಿಗೆ ಇಳಿಯುತ್ತವೆ. ಮುಷ್ಟಿಗಾತ್ರದಿಂದ ತೆಂಗಿನಕಾಯಿ ಗಾತ್ರದವರೆಗಿನ ಕಲ್ಲುಗಳು ಹಲವು ಪದರ ಒಂದರ ಮೇಲೊಂದು ಬಿದ್ದಿರಬೇಕು. ನಡುವೆ ಮರಳಾಗಲಿ ಹೂಳಾಗಲಿ ಕೂತಿರಬಾರದು. ಸಂದಿ ಆಳವಿದ್ದರೆ ಚಳಿಗಾಲದ ಅಲೆ ಮೊಟ್ಟೆಯನ್ನು ಎಳೆದೊಯ್ಯುವುದಿಲ್ಲ, ತಿನ್ನುವ ಬಾಯಿಗಳೂ ತಲುಪುವುದಿಲ್ಲ. ನಾಲ್ಕೈದು ತಿಂಗಳು ಅಲ್ಲೇ ಇದ್ದು, ಮಾರ್ಚ್ ಏಪ್ರಿಲ್ ಹೊತ್ತಿಗೆ ಮರಿ ಹೊರಬರುತ್ತದೆ. ಹೊಟ್ಟೆಗಂಟಿದ ಹಳದಿ ಚೀಲ ಕರಗುವವರೆಗೆ ಮರಿ ಕಲ್ಲಿನ ಒಳಗೇ ಇರುತ್ತದೆ. ಆಮೇಲೆ ಮೇಲಕ್ಕೆ ಈಜಿ ಬಂದು, ಗಾಳಿ ನುಂಗಿ, ಗಾಳಿಚೀಲ ತುಂಬಿಕೊಂಡು, ಸಣ್ಣ ಜಲಜೀವಿಗಳನ್ನು ಹುಡುಕುತ್ತದೆ.

ಈ ದಾರಿ ಎಷ್ಟು ಕಡೆ ತುಂಡಾಯಿತು ಎಂಬುದೇ ಮಹಾಸರೋವರಗಳ ಇಪ್ಪತ್ತನೇ ಶತಮಾನದ ಚರಿತ್ರೆ.

ಮೊದಲ ಪೆಟ್ಟು ತಾಯಿ ಮೀನಿಗೇ ಬಿತ್ತು. ಸೀ ಲ್ಯಾಂಪ್ರೆ ಎಂಬ ಅಟ್ಲಾಂಟಿಕ್ ಸಮುದ್ರದ ಜೀವಿ ನೋಡಲು ನಮ್ಮ ಹಾವುಮೀನಿನಂತೆ, ಆದರೆ ಅದಕ್ಕೆ ದವಡೆಯೇ ಇಲ್ಲ. ಬಾಯಿ ಒಂದು ದುಂಡನೆಯ ಬಟ್ಟಲು. ಬಟ್ಟಲಿನ ಒಳಸುತ್ತೂ ಕೊಂಬಿನಂಥ ಹಲ್ಲಿನ ಸಾಲು, ನಡುವೆ ಅರದಂಥ ನಾಲಿಗೆ. ಮೀನಿನ ಪಕ್ಕೆಗೆ ಬಾಯಿ ಒತ್ತಿ ಹಿಡಿದು, ನಾಲಿಗೆಯಿಂದ ಚರ್ಮ ಕೆರೆದು ತೂತು ಮಾಡಿ, ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಬಿಟ್ಟು ಹೀರುತ್ತದೆ. ನಯಾಗರ ಜಲಪಾತ ಇದನ್ನು ಸಾವಿರಾರು ವರ್ಷ ತಡೆದಿತ್ತು. ಹಡಗುಗಳಿಗಾಗಿ ಜಲಪಾತವನ್ನು ಬಳಸಿ ಹೋಗುವ ವೆಲ್ಯಾಂಡ್ ಕಾಲುವೆ 1829ರಲ್ಲಿ ತೆರೆಯಿತು. 1919ರ ಹೊತ್ತಿಗೆ ಕಾಲುವೆಯನ್ನು ಸುಧಾರಿಸಿದ ಮೇಲೆ ದಾರಿ ಸಲೀಸಾಯಿತು. 1921ರಲ್ಲಿ ಈರಿಯಲ್ಲಿ ಕಂಡಿತು, 1936ರಲ್ಲಿ ಮಿಷಿಗನ್, 1937ರಲ್ಲಿ ಹ್ಯೂರಾನ್, 1938ರಲ್ಲಿ ಸುಪೀರಿಯರ್. ಮೀನಿಗೆ ಅಂಟಿ ಬದುಕುವ ಒಂದು ಒಂದೂವರೆ ವರ್ಷದಲ್ಲಿ ಒಂದೊಂದು ಲ್ಯಾಂಪ್ರೆ 18 ಕಿಲೋವರೆಗೂ ಮೀನು ಕೊಲ್ಲಬಲ್ಲದು. ಅದು ಆರಿಸಿಕೊಳ್ಳುವುದು ದೊಡ್ಡ ಮೀನನ್ನು, ಅಂದರೆ ಮೊಟ್ಟೆ ಇಡುವ ಮೀನನ್ನೇ. ಜೊತೆಗೆ ಮಿತಿಮೀರಿದ ಬಲೆಗಾರಿಕೆ ಬೇರೆ. ಮೇಲಿನ ಮೂರು ಸರೋವರಗಳಿಂದ (ಸುಪೀರಿಯರ್, ಮಿಷಿಗನ್, ಹ್ಯೂರಾನ್) ವರ್ಷಕ್ಕೆ ಸುಮಾರು 1.5 ಕೋಟಿ ಪೌಂಡ್ ಲೇಕ್ ಟ್ರೌಟ್ ಬರುತ್ತಿದ್ದದ್ದು 1960ರ ದಶಕದ ಆರಂಭಕ್ಕೆ 3 ಲಕ್ಷ ಪೌಂಡಿಗೆ ಕುಸಿಯಿತು. ಮಿಷಿಗನ್ ಸರೋವರದಲ್ಲಿ ಮೂಲ ತಳಿ ಪೂರ್ತಿ ಅಳಿಯಿತು.

ಲ್ಯಾಂಪ್ರೆಯನ್ನು ಹೇಗೆ ಹಿಡಿದರು? ಅದರ ಮೊಟ್ಟೆ ಎಲ್ಲಿ ಬೀಳುತ್ತದೆ ಎಂದು ಕೇಳಿ. ಸರೋವರದಲ್ಲಿ ಚದುರಿಹೋದ ಲ್ಯಾಂಪ್ರೆಯನ್ನು ಹುಡುಕಲು ಸಾಧ್ಯವಿಲ್ಲ. ಆದರೆ ಮೊಟ್ಟೆ ಇಡಲು ಅದು ಹೊಳೆಗೇ ಬರಬೇಕು. ವಸಂತದಲ್ಲಿ ಹೊಳೆ ಹತ್ತಿ, ಕಲ್ಲು ಕಚ್ಚಿ ಸರಿಸಿ ಗೂಡು ಮಾಡಿ, ಒಂದು ಹೆಣ್ಣು ಲಕ್ಷದವರೆಗೂ ಮೊಟ್ಟೆ ಇಟ್ಟು ಸಾಯುತ್ತದೆ. ಕಣ್ಣು ಮೂಡದ ಮರಿಗಳು ಹೊಳೆಯ ಕೆಸರಿನಲ್ಲಿ ಹುದುಗಿ, ಹರಿಯುವ ನೀರಿನ ಕೊಳೆ ಪಾಚಿ ಸೋಸಿ ತಿನ್ನುತ್ತಾ ಮೂರು ವರ್ಷ, ಕೆಲವೊಮ್ಮೆ ಅದಕ್ಕಿಂತ ಬಹಳ ಹೆಚ್ಚು ಕಾಲ ಇರುತ್ತವೆ. ಹಲವು ವರ್ಷದ ಸಂತಾನ ಒಂದೇ ಕಡೆ ಸಿಕ್ಕುವುದು ಇಲ್ಲಿ ಮಾತ್ರ.

ಎರಡೂ ದೇಶಗಳು 1954ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿ ಗ್ರೇಟ್ ಲೇಕ್ಸ್ ಫಿಶರಿ ಕಮಿಷನ್ ಕಟ್ಟಿದವು. ಹ್ಯೂರಾನ್ ದಂಡೆಯ ಹ್ಯಾಮಂಡ್ ಬೇ ಕೇಂದ್ರದಲ್ಲಿ ಸುಮಾರು 6,000 ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಲ್ಯಾಂಪ್ರೆ ಮರಿಯನ್ನೂ ಬೇರೆ ಮೀನಿನ ಮರಿಯನ್ನೂ ಒಂದೇ ಜಾಡಿಯಲ್ಲಿಟ್ಟು, ಮದ್ದು ಹಾಕಿ, ಯಾವುದು ಸಾಯುತ್ತದೆ ಎಂದು ನೋಡುವುದು. ಹೀಗೆ ಸಿಕ್ಕಿದ್ದು ಟಿಎಫ್‌ಎಂ. ಬೇರೆ ಮೀನುಗಳು ಇದನ್ನು ಯಕೃತ್ತಿನಲ್ಲಿ ಬದಲಾಯಿಸಿ ಹೊರಹಾಕುತ್ತವೆ. ಲ್ಯಾಂಪ್ರೆಯಲ್ಲಿ ಆ ಕಿಣ್ವದ ಕೆಲಸ ತೀರಾ ದುರ್ಬಲ, ಹಾಗಾಗಿ ಅದು ಸಾಯುತ್ತದೆ. 1958ರಿಂದ ಹೊಳೆಗಳಿಗೆ ಹಾಕಲು ಶುರುಮಾಡಿದರು.

ಹಾಕುವುದರಲ್ಲಿ ಸೂಕ್ಷ್ಮವಿದೆ. ಮದ್ದನ್ನು ಸುಮಾರು 12 ಗಂಟೆ ಕಾಲ ಒಂದೇ ಸಮನೆ ಬಿಡುತ್ತಾರೆ. ಕೆಳಗಿನ ಹರಿವಿನ ಎಲ್ಲ ಕಡೆಯೂ ಕೊಲ್ಲುವ ಮಟ್ಟ 9 ಗಂಟೆಯಾದರೂ ನಿಲ್ಲಬೇಕು. ಆ ಮಟ್ಟ ಲೀಟರಿಗೆ ಕೆಲವೇ ಮಿಲಿಗ್ರಾಂ, ಆದರೆ ಪ್ರತಿ ಹೊಳೆಗೂ ಬೇರೆ. ಏಕೆಂದರೆ ಟಿಎಫ್‌ಎಂ ದುರ್ಬಲ ಆಮ್ಲ. ನೀರು ಕ್ಷಾರವಾದಷ್ಟೂ ಅದು ಕಿವಿರಿನೊಳಗೆ ಹೋಗುವುದು ಕಡಿಮೆ, ಮದ್ದು ಹೆಚ್ಚು ಬೇಕು. ಹಗಲಿನಲ್ಲಿ ಪಾಚಿ, ಜೊಂಡು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಾಗ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರುತ್ತದೆ, ರಾತ್ರಿ ಇಳಿಯುತ್ತದೆ. ಹಗಲಿನ ಪಿಎಚ್‌ಗೆ ಹದ ಮಾಡಿದ ಮದ್ದು ರಾತ್ರಿ ಹೆಚ್ಚಾಗಿಬಿಡುತ್ತದೆ, ಬೇರೆ ಮೀನೂ ಸಾಯುತ್ತದೆ. ಹಾಗಾಗಿ ಮದ್ದು ಹರಿಯುವಷ್ಟು ಹೊತ್ತೂ ಮಂದಿ ಹೊಳೆಯುದ್ದಕ್ಕೂ ನಿಂತು ನೀರು ಪರೀಕ್ಷಿಸುತ್ತಾ ಇರಬೇಕು. ಸ್ಟರ್ಜನ್ ಮೀನಿನ ಎಳೆಮರಿಗೆ ಟಿಎಫ್‌ಎಂ ವಿಷವೇ, ಅದಿರುವ ನದಿಗಳಲ್ಲಿ ಮರಿ ಒಂದಿಷ್ಟು ಬಲಿಯುವವರೆಗೆ ಕಾದು ಹಾಕುತ್ತಾರೆ. ಮೂರು-ಐದು ವರ್ಷಕ್ಕೊಮ್ಮೆ ಅದೇ ಹೊಳೆಗೆ ಮತ್ತೆ ಹಾಕಬೇಕು, ಏಕೆಂದರೆ ತಪ್ಪಿಸಿಕೊಂಡ ಕೆಲವೇ ಲ್ಯಾಂಪ್ರೆ ಸಾಕು ಹೊಳೆ ತುಂಬಲು. ಹೀಗೆ ಮಾಡಿ ಬಹುತೇಕ ಕಡೆ ಲ್ಯಾಂಪ್ರೆಯನ್ನು ನೂರಕ್ಕೆ 90ರಷ್ಟು ಇಳಿಸಿದ್ದಾರೆ. 2020 ಮತ್ತು 2021ರಲ್ಲಿ ಕೋವಿಡ್‌ನಿಂದಾಗಿ ಈ ಕೆಲಸ ಕುಂಟಿತು, ನಂತರದ ವರ್ಷಗಳಲ್ಲಿ ಲ್ಯಾಂಪ್ರೆ ಸಂಖ್ಯೆ ಜಿಗಿಯಿತು. ಇದು ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸವಲ್ಲ. ದುಡ್ಡು ಉಳಿಸಲೆಂದು ಒಂದೆರಡು ವರ್ಷ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಲ್ಯಾಂಪ್ರೆ ಇಳಿಯಿತು, ಟ್ರೌಟ್ ಮರಿ ಬಿಟ್ಟರು, ಮರಿ ದೊಡ್ಡದಾಯಿತು, ಮೊಟ್ಟೆಯೂ ಬಂತು. ಆದರೂ ಮಿಷಿಗನ್, ಹ್ಯೂರಾನ್, ಒಂಟಾರಿಯೊದಲ್ಲಿ ಮುಂದಿನ ಪೀಳಿಗೆ ಕಾಣಲಿಲ್ಲ. ಇಲ್ಲಿ ಎರಡು ಕಾರಣ ನೋಡಬೇಕು.

ಒಂದು, ಬಿತ್ತಿದ ಜಾಗ. ಲಾರಿ ಹೋಗುವ ಕಡೆ, ಬಂದರಿನ ಕಟ್ಟೆಯಿಂದ, ಮರಿ ಬಿಟ್ಟಿದ್ದರು. ದೊಡ್ಡದಾದ ಟ್ರೌಟ್ ಮೊಟ್ಟೆ ಇಡಲು ತಾನು ಕಂಡ ಆ ದಂಡೆಯ ಬಳಿಗೇ ಬರುತ್ತಿತ್ತು. ಹಳೆಯ ತಳಿಗಳು ಬಳಸುತ್ತಿದ್ದ ನಡುನೀರಿನ ಒಳ್ಳೆಯ ಕಲ್ಲುದಿಬ್ಬಗಳು ಖಾಲಿ ಉಳಿದವು. ಆಮೇಲೆ ದೋಣಿಯಲ್ಲಿ ಕೊಂಡೊಯ್ದು ದಿಬ್ಬದ ಮೇಲೇ ಬಿಡಲು ತೊಡಗಿದರು. ಸುಪೀರಿಯರಿನ ವಿಸ್ಕಾನ್ಸಿನ್ ಕಡೆಯ ಒಂದು ದಿಬ್ಬದಲ್ಲಂತೂ ಆಟದ ಮೈದಾನಕ್ಕೆ ಹಾಸುವ ಕೃತಕ ಹುಲ್ಲಿನ ಎರಡು ಪದರದ ನಡುವೆ ಮೊಟ್ಟೆ ಇಟ್ಟು, ಕಟ್ಟಿ, ನೀರಿಗಿಳಿಸಿದರು. ಮರಿ ಅಲ್ಲೇ ಒಡೆದು ಬರಲಿ, ಆ ಜಾಗವೇ ಅದರ ತವರಾಗಲಿ ಎಂಬ ಆಲೋಚನೆ.

ಎರಡನೆಯದು ಇನ್ನೂ ಒಳಗಿನದು. ಏಲ್‌ವೈಫ್ ಎಂಬ ಸಣ್ಣ ಬೆಳ್ಳಿ ಮೀನು, ನಮ್ಮ ಕರಾವಳಿಯ ಭೂತಾಯಿಯ ದೂರದ ನೆಂಟ, ಅದೇ ಕಾಲುವೆಯ ದಾರಿಯಲ್ಲಿ ಮೇಲಿನ ಸರೋವರಗಳಿಗೆ ಬಂತು. ತಿನ್ನುವ ಟ್ರೌಟ್ ಇಲ್ಲದ ಕಾರಣ ಮಿತಿಮೀರಿ ಹೆಚ್ಚಿತು. 1967ರಲ್ಲಿ ಮಿಷಿಗನ್ ದಂಡೆಯ ಮೇಲೆ ಸತ್ತ ಏಲ್‌ವೈಫ್ ರಾಶಿ ಬಿದ್ದು ನಾರಿತು. ಇದನ್ನು ತಿನ್ನಲೆಂದೇ 1966ರಲ್ಲಿ ಪೆಸಿಫಿಕ್ ಕಡಲಿನ ಕೋಹೊ ಸಾಲ್ಮನ್, ಮರುವರ್ಷ ಚಿನೂಕ್ ಸಾಲ್ಮನ್ ತಂದು ಬಿಟ್ಟಿದ್ದರು. ಗಾಳದವರಿಗೆ ಹಬ್ಬ. ಆದರೆ ಏಲ್‌ವೈಫ್‌ನ ಮೈಯಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಅದು ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಏಲ್‌ವೈಫನ್ನೇ ತಿಂದು ಬೆಳೆದ ತಾಯಿ ಟ್ರೌಟ್ ದುಂಡಗೆ ಕೊಬ್ಬಿರುತ್ತದೆ, ನೋಡಲು ಯಾವ ಕೊರತೆಯೂ ಇಲ್ಲ. ಕೊರತೆ ಮೊಟ್ಟೆಯಲ್ಲಿ. ಮೊಟ್ಟೆಯ ಒಂದು ಗ್ರಾಮಿನಲ್ಲಿ ಬಿ1 ಪ್ರಮಾಣ 4 ನ್ಯಾನೊಮೋಲ್‌ಗಿಂತ ಕೆಳಗಿದ್ದರೆ ಅಪಾಯ ಎಂದು ಲೆಕ್ಕ. ಅಂಥ ಮೊಟ್ಟೆ ಒಡೆಯುತ್ತದೆ, ಮರಿಯೂ ಬರುತ್ತದೆ. ಹಳದಿ ಚೀಲ ಮುಗಿದು ಮೊದಲ ತುತ್ತು ಹಿಡಿಯಬೇಕಾದ ಹೊತ್ತಿಗೆ ಮರಿ ಒಂದು ಪಕ್ಕಕ್ಕೆ ವಾಲುತ್ತದೆ, ಸ್ಕ್ರೂ ತಿರುಗಿದಂತೆ ಸುತ್ತಿ ಸುತ್ತಿ ಈಜುತ್ತದೆ, ತಳಕ್ಕೆ ಮಲಗಿ ಸಾಯುತ್ತದೆ. ಮರಿ ಕೇಂದ್ರಗಳಲ್ಲಿ ಮೊಟ್ಟೆಯನ್ನೋ ಮರಿಯನ್ನೋ ಥಯಾಮಿನ್, ಅಂದರೆ ಅದೇ ಬಿ1, ಕರಗಿಸಿದ ನೀರಿನಲ್ಲಿ ಅದ್ದಿದರೆ ಇದು ನಿಲ್ಲುತ್ತದೆ. ಸರೋವರದ ತಳದಲ್ಲಿ ಅದ್ದುವವರು ಯಾರು? ಸಾಲದೆಂದು ಏಲ್‌ವೈಫ್ ಟ್ರೌಟಿನ ಎಳೆಮರಿಯನ್ನೂ ತಿನ್ನುತ್ತದೆ.

ಇದಕ್ಕೆ ಪುರಾವೆ ಹ್ಯೂರಾನ್ ಸರೋವರವೇ ಕೊಟ್ಟಿತು. 2003-04ರಲ್ಲಿ ಅಲ್ಲಿ ಏಲ್‌ವೈಫ್ ಕುಸಿಯಿತು. ಅದನ್ನೇ ನಂಬಿದ್ದ ಚಿನೂಕ್ ಸಾಲ್ಮನ್ ಕೂಡ ಬಿತ್ತು, ದಂಡೆಯ ಊರುಗಳ ಗಾಳದ ವ್ಯಾಪಾರ ನೆಲಕಚ್ಚಿತು. ಅದರ ಬೆನ್ನಿಗೇ ಕಾಡು ಲೇಕ್ ಟ್ರೌಟ್ ಮರಿಗಳು ಬಲೆಯಲ್ಲಿ ಕಾಣತೊಡಗಿದವು.

ಸುಪೀರಿಯರಿನಲ್ಲಿ ಏಲ್‌ವೈಫ್ ಎಂದೂ ಬೇರೂರಲಿಲ್ಲ, ಅಷ್ಟು ತಣ್ಣಗಿನ ನೀರು ಅದಕ್ಕೆ ಹಿಡಿಸದು. ಅಲ್ಲದೆ ಮೂಲ ತಳಿಯ ಕೆಲವು ಗುಂಪು ದೂರದ ದಿಬ್ಬಗಳಲ್ಲಿ ಉಳಿದಿದ್ದವು. 1990ರ ದಶಕದ ನಡುವಿಗೆ ಅಲ್ಲಿ ಬಹುಪಾಲು ಬಿತ್ತನೆ ನಿಲ್ಲಿಸಿದರು. 2024ರಲ್ಲಿ ಕಮಿಷನ್, ಸುಪೀರಿಯರಿನ ಲೇಕ್ ಟ್ರೌಟ್ ಪೂರ್ತಿ ಚೇತರಿಸಿಕೊಂಡಿದೆ ಎಂದು ಸಾರಿತು. ಇಷ್ಟು ದೊಡ್ಡ ನೀರಿನಲ್ಲಿ ಮೇಲಿನ ಬೇಟೆಗಾರ ಮೀನೊಂದು ತಾನೇ ತಾನಾಗಿ ನಿಂತದ್ದು ಕಡಿಮೆ ಮಾತಲ್ಲ. ಅಲ್ಲಿ ಒಂದೇ ಬಗೆಯ ಟ್ರೌಟ್ ಕೂಡ ಇಲ್ಲ. ದಂಡೆಯ ಹತ್ತಿರದ್ದು 'ಲೀನ್', ತೆಳು ಮೈ. ಆಳದ್ದು 'ಸಿಸ್ಕೊವೆಟ್', ಮೈಯೆಲ್ಲ ಕೊಬ್ಬು. ನೂರಾರು ಮೀಟರ್ ಏರಿಳಿಯುವ ಮೀನಿಗೆ ಗಾಳಿಚೀಲಕ್ಕಿಂತ ಕೊಬ್ಬೇ ನಂಬಿಕೆಯ ತೇಲುಬುಡ್ಡೆ. ಈ ಸಿಸ್ಕೊವೆಟ್ ವಿಷಯಕ್ಕೆ ಅಡುಗೆಯ ಮಾತು ಬಂದಾಗ ಮತ್ತೆ ಬರೋಣ.

ಮೊದಲ ತುತ್ತು ಸಿಗದ ವೈಟ್‌ಫಿಶ್

ಈ ಸರೋವರಗಳ ಸುತ್ತಲಿನ ಆದಿವಾಸಿಗಳಾದ ಓಜಿಬ್ವೆ ಜನ ಲೇಕ್ ವೈಟ್‌ಫಿಶ್‌ಗೆ 'ಅಡಿಕಮೆಗ್' ಎನ್ನುತ್ತಾರೆ, ಅಂದರೆ ಕ್ಯಾರಿಬೂ ಮೀನು. ಕಾಡಿನಲ್ಲಿ ಕ್ಯಾರಿಬೂ ಜಿಂಕೆ ಹೇಗೋ ನೀರಿನಲ್ಲಿ ಇದು ಹಾಗೆ, ಊರಿಗೆ ಊಟ. ಸಣ್ಣ ಬಾಯಿ, ಮೇಲ್ತುಟಿ ಮುಂದೆ ಚಾಚಿರುತ್ತದೆ, ತಳದ ಹುಳಹುಪ್ಪಟೆ ಹೆಕ್ಕಿ ತಿನ್ನಲು ಹೇಳಿಮಾಡಿಸಿದ್ದು. ಮೇಲಿನ ಸರೋವರಗಳಲ್ಲಿ ಮಾರುಕಟ್ಟೆಗೆ ಬಲೆ ಹಾಕುವವರ ಮುಖ್ಯ ಮೀನು ಇದೇ.

ಇದರ ಮೊಟ್ಟೆ ನವೆಂಬರಿನಲ್ಲಿ ದಂಡೆಯ ಬಳಿಯ ಆಳವಿಲ್ಲದ ಕಲ್ಲುತಳದಲ್ಲಿ ಬೀಳುತ್ತದೆ. ಮೇಲೆ ಬರ್ಫ ಕಟ್ಟಿದರೆ ಚಳಿಗಾಲದ ಬಿರುಗಾಳಿ ಅಲೆಯಿಂದ ರಕ್ಷಣೆ. ಬರ್ಫ ಕಟ್ಟದ ಬೆಚ್ಚನೆಯ ಚಳಿಗಾಲ ಬಂದರೆ ಮೊಟ್ಟೆ ಕಲ್ಲಿನಿಂದ ಕಿತ್ತುಹೋಗುತ್ತದೆ. ಏಪ್ರಿಲಿನಲ್ಲಿ ಒಡೆದ ಮರಿ ಒಂದು ಸೆಂಟಿಮೀಟರಿನಷ್ಟು, ಗಾಜಿನ ಎಳೆಯಂತೆ. ಕೆಲವೇ ದಿನದಲ್ಲಿ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿ ಸಿಗದಿದ್ದರೆ ಮುಗಿಯಿತು.

ಅದೇ ಈಗ ಸಿಗುತ್ತಿಲ್ಲ. 1980ರ ದಶಕದ ಕೊನೆಗೆ ಹಡಗುಗಳು ಸಮತೋಲನಕ್ಕೆಂದು ತುಂಬಿ ತಂದು ಚೆಲ್ಲಿದ ತೂಕದ ನೀರಿನ ಜೊತೆ ಜೀಬ್ರಾ ಮಸೆಲ್, ಹಿಂದೆಯೇ ಕ್ವಾಗಾ ಮಸೆಲ್ ಬಂದವು. ಕರಾವಳಿಯವರು ಪಚ್ಚಿಲೆ, ನೀಲಿಕಲ್ಲು ಎನ್ನುವ ಚಿಪ್ಪುಜೀವಿಯ ಆಕಾರ, ಗಾತ್ರ ಮಾತ್ರ ಹೆಬ್ಬೆರಳಿನ ಉಗುರಿನಷ್ಟು. ಒಂದೊಂದೂ ದಿನಕ್ಕೆ ಒಂದು ಲೀಟರಿನವರೆಗೆ ನೀರು ಸೋಸುತ್ತದೆ. ಜೀಬ್ರಾ ಗಟ್ಟಿ ಜಾಗಕ್ಕೆ ಅಂಟುತ್ತದೆ, ಆಳವಿಲ್ಲದ ನೀರಿಗೇ ಸರಿ. ಕ್ವಾಗಾ ಹಾಗಲ್ಲ: ಮೆತ್ತನೆ ಕೆಸರು, ನೂರು ಮೀಟರ್ ಆಳ, 4 ಡಿಗ್ರಿ ಚಳಿ, ಯಾವುದೂ ಅಡ್ಡಿಯಿಲ್ಲ. ಮಿಷಿಗನ್ ಸರೋವರದ ತಳಕ್ಕೆ ಕ್ವಾಗಾ ಹಾಸಿದಂತಾಗಿದೆ. ನೀರು ಕನ್ನಡಿಯಾಯಿತು, ಪ್ರವಾಸಿಗರು ಎಷ್ಟು ಚೆಂದ ಎನ್ನುತ್ತಾರೆ. ಆ ತಿಳಿ ಎಂದರೆ ಪಾಚಿ ಇಲ್ಲ, ಪಾಚಿ ತಿನ್ನುವ ಸೂಕ್ಷ್ಮಜೀವಿ ಇಲ್ಲ, ವೈಟ್‌ಫಿಶ್ ಮರಿಗೆ ತುತ್ತಿಲ್ಲ. ದೊಡ್ಡ ವೈಟ್‌ಫಿಶ್‌ನ ಮುಖ್ಯ ಆಹಾರವಾಗಿದ್ದ ಡೈಪೊರಿಯಾ ಎಂಬ ಸೀಗಡಿಯಂಥ ತಳಜೀವಿ ಮಿಷಿಗನ್, ಹ್ಯೂರಾನಿನ ಬಹುಭಾಗದಿಂದ ಮಾಯವಾಗಿದೆ. ಎರಡೂ ಸರೋವರಗಳ ಮುಖ್ಯ ನೀರಿನಲ್ಲಿ ಬಲೆಗೆ ಬೀಳುವುದು ಹೆಚ್ಚಾಗಿ ಮುದಿ ಮೀನು, ಕೆಳಗಿನಿಂದ ಎಳೆಯವು ಬರುತ್ತಿಲ್ಲ.

ಇದಕ್ಕೆ ವಿರುದ್ಧ ಉದಾಹರಣೆ ಪಕ್ಕದಲ್ಲೇ ಇದೆ. ಮಿಷಿಗನ್ ಸರೋವರದ ಗ್ರೀನ್ ಬೇ ಎಂಬ ಕೊಲ್ಲಿಗೆ ಫಾಕ್ಸ್, ಮೆನೊಮಿನಿಯಂಥ ನದಿಗಳು ಗೊಬ್ಬರದ ಅಂಶ ತಂದು ಸುರಿಯುತ್ತವೆ, ನೀರು ಕದಡಿದ್ದು, ಆಹಾರ ಸಮೃದ್ಧ. ಅಲ್ಲಿ ವೈಟ್‌ಫಿಶ್ ಮತ್ತೆ ನದಿ ಹತ್ತಿ ಮೊಟ್ಟೆ ಇಡಲು ಶುರುಮಾಡಿ ಚೆನ್ನಾಗಿ ಹೆಚ್ಚಿತು. ಹಾಗಾಗಿ ಈಗ ಸರೋವರದ ದಂಡೆ ಬಿಟ್ಟು ನದಿಯಲ್ಲಿ ಮೊಟ್ಟೆ ಇಟ್ಟು ಮರಿ ಮಾಡಿಸಿದರೆ ಹೇಗೆ ಎಂಬ ಪ್ರಯೋಗಗಳು ಮಿಷಿಗನ್ ರಾಜ್ಯದ ಆದಿವಾಸಿ ಸಮುದಾಯಗಳ ಮೀನುಗಾರಿಕಾ ವಿಭಾಗಗಳ ಕೈಯಲ್ಲಿ ನಡೆಯುತ್ತಿವೆ. ಸರಿಯಾದ ಪ್ರಶ್ನೆ ಹಿಡಿದ ಕೆಲಸವದು: ಮರಿಗೆ ಮೊದಲ ತುತ್ತು ಎಲ್ಲಿದೆಯೋ ಅಲ್ಲಿ ಮೊಟ್ಟೆ ಇಡು.

ವೈಟ್‌ಫಿಶ್‌ನ ಒಡಹುಟ್ಟು ಸಿಸ್ಕೊ, ಹಳಬರ ಬಾಯಲ್ಲಿ ಲೇಕ್ ಹೆರಿಂಗ್. ಆಳನೀರಿನಲ್ಲಿ ಇದರ ಹಲವು ಬಗೆಗಳಿದ್ದವು, ಕೆಲವು ಇಪ್ಪತ್ತನೇ ಶತಮಾನದಲ್ಲಿ ಅಳಿದೇಹೋದವು. ಏಲ್‌ವೈಫ್‌ಗಿಂತ ಮೊದಲು ಟ್ರೌಟ್ ತಿನ್ನುತ್ತಿದ್ದದ್ದು ಸಿಸ್ಕೊವನ್ನೇ, ಅದರಲ್ಲಿ ಬಿ1 ಒಡೆಯುವ ತೊಂದರೆ ಇರಲಿಲ್ಲ.

ಈರಿಯ ವಾಲೈ, ಮತ್ತೆ ಕೆಲವರು

ವಾಲೈ ಮೀನನ್ನು ಕಣ್ಣಿನಿಂದ ಗುರುತಿಸಿ. ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣಿನಂತೆ ಮಿರುಗುತ್ತದೆ. ಬೆಳಕು ಪ್ರತಿಫಲಿಸುವ ಪದರ ಹಿಂದಿದೆ. ಕದಡಿದ ನೀರು, ಮುಸ್ಸಂಜೆ, ಗಾಳಿಯ ಅಲೆ, ಇವೆಲ್ಲ ಇದರ ಬೇಟೆಯ ಹೊತ್ತು. ಬಾಲದ ಕೆಳತುದಿಯಲ್ಲಿ ಬಿಳಿ ಮಚ್ಚೆ ಇದ್ದರೆ ವಾಲೈ ಖಚಿತ. ಕೆನಡಾದ ಅಂಗಡಿಗಳಲ್ಲಿ ಪಿಕರೆಲ್ ಎಂದು ಬರೆದಿರುತ್ತಾರೆ, ಮೀನು ಒಂದೇ.

ಬರ್ಫ ಕರಗಿ ನೀರು 5ರಿಂದ 10 ಡಿಗ್ರಿ ತಲುಪಿದಾಗ, ಮಾರ್ಚ್ ಏಪ್ರಿಲಿನಲ್ಲಿ, ಒಹಾಯೊದ ಮೌಮಿ, ಸ್ಯಾಂಡಸ್ಕಿ ನದಿಗಳಿಗೂ ಈರಿಯ ಪಶ್ಚಿಮ ತುದಿಯ ಕಲ್ಲುದಿಬ್ಬಗಳಿಗೂ ವಾಲೈ ಬರುತ್ತದೆ. ಟ್ರೌಟಿನ ದೊಡ್ಡ ಮೊಟ್ಟೆ ಕೆಲವು ಸಾವಿರವಾದರೆ, ವಾಲೈಯದು 2 ಮಿಲಿಮೀಟರ್ ಗಾತ್ರ, ದೊಡ್ಡ ಹೆಣ್ಣಿನಲ್ಲಿ ಲಕ್ಷಗಟ್ಟಲೆ. ಜೂಜು ಬೇರೆ ಬಗೆಯದು. ಎರಡು ಮೂರು ವಾರ ನೀರು ಸಮನಾಗಿ ಬೆಚ್ಚಗಾಗುತ್ತಾ ಹೋದರೆ ಮರಿ ಒಡೆದು, ಹರಿವಿನಲ್ಲಿ ಸರೋವರಕ್ಕೆ ತೇಲಿ, ಆಹಾರ ಹಿಡಿಯುತ್ತದೆ. ನಡುವೆ ಈಶಾನ್ಯದ ಬಿರುಗಾಳಿ ಎದ್ದರೆ ದಿಬ್ಬದ ಮೊಟ್ಟೆ ಕೆಸರಿಗೆ ಬೀಳುತ್ತದೆ. ಹಾಗಾಗಿ ಐದು ವರ್ಷ ಏನೂ ಇಲ್ಲ, ಒಂದು ವರ್ಷ ಹೊಳೆ ಬಂದಂತೆ ಮರಿ. 2003ರ ಸಂತಾನ ಬಹಳ ವರ್ಷ ಸರೋವರವನ್ನು ಸಾಕಿತು. 2015, 2018ರಲ್ಲಿ ಮತ್ತೆ ದೊಡ್ಡ ಬೆಳೆ ಬಂತು. ಈರಿಯಲ್ಲಿ ಪ್ರತಿ ವರ್ಷ ಎಷ್ಟು ಹಿಡಿಯಬಹುದು ಎಂದು ಸುತ್ತಲಿನ ರಾಜ್ಯಗಳೂ ಒಂಟಾರಿಯೊ ಪ್ರಾಂತ್ಯವೂ ಸೇರಿ ತೀರ್ಮಾನಿಸುವುದು ಇದೇ ಕಾರಣಕ್ಕೆ: ಬಂದ ಒಳ್ಳೆಯ ಸಂತಾನವನ್ನು ಮುಂದಿನ ಒಳ್ಳೆಯ ವರ್ಷದವರೆಗೆ ಉಳಿಸಿಕೊಳ್ಳಬೇಕು.

ಹಳದಿ ಪರ್ಚ್ ವಾಲೈಯ ಸಣ್ಣ ನೆಂಟ. ಮೊಟ್ಟೆಯನ್ನು ಬಿಡಿಬಿಡಿಯಾಗಿ ಚೆಲ್ಲದೆ, ಲೋಳೆಯ ಉದ್ದ ಪಟ್ಟಿಯಾಗಿ ಜಲಸಸ್ಯದ ಮೇಲೆ ಹಾರ ಹಾಕಿದಂತೆ ಸುತ್ತುತ್ತದೆ. ಬರ್ಬಟ್ ಎಂಬುದು ಸಿಹಿನೀರಿನಲ್ಲಿ ಬದುಕುವ ಒಂದೇ ಕಾಡ್ ಮೀನು. ನಡುಚಳಿಗಾಲದಲ್ಲಿ ಬರ್ಫದ ಕೆಳಗೇ ಮೊಟ್ಟೆ ಇಡುತ್ತದೆ. 1990ರಲ್ಲಿ ಕಂಡ ರೌಂಡ್ ಗೋಬಿ ಎಂಬ ಹೊರಗಿನ ಮೀನು ಗಂಡು ಕಾವಲಿನ ಗೂಡು ಮಾಡಿ ಒಂದೇ ಬೇಸಿಗೆಯಲ್ಲಿ ಹಲವು ಸಲ ಮರಿ ತೆಗೆಯುತ್ತದೆ, ಟ್ರೌಟ್ ಮತ್ತು ಬಾಸ್ ಮೊಟ್ಟೆ ಕದಿಯುತ್ತದೆ, ಅವುಗಳಿಗೇ ಆಹಾರವೂ ಆಗುತ್ತದೆ.

ಲೇಕ್ ಸ್ಟರ್ಜನ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಹುರುಪೆಯಿಲ್ಲ, ಬೆನ್ನಿನುದ್ದ ಎಲುಬಿನ ಫಲಕ, ಮೂತಿಯ ಕೆಳಗೆ ನಾಲ್ಕು ಮೀಸೆ. ಎರಡು ಮೀಟರ್ ಉದ್ದ, ನೂರು ಕಿಲೋ ಮೀರಿದ್ದೂ ಇದೆ. ಹೆಣ್ಣು ನೂರು ವರ್ಷ ದಾಟಬಲ್ಲದು, ಆದರೆ ಇಪ್ಪತ್ತು ವರ್ಷದ ಆಸುಪಾಸಿನಲ್ಲಿ ಮೊದಲ ಮೊಟ್ಟೆ, ಆಮೇಲೆ ನಾಲ್ಕರಿಂದ ಒಂಬತ್ತು ವರ್ಷಕ್ಕೊಮ್ಮೆ ಮಾತ್ರ. ಹತ್ತೊಂಬತ್ತನೇ ಶತಮಾನದಲ್ಲಿ ಬಲೆ ಹರಿಯುವ ಪೀಡೆ ಎಂದು ಕೊಂದು, ದಂಡೆಯಲ್ಲಿ ಒಟ್ಟಿ, ಉಗಿಹಡಗಿನ ಒಲೆಗೆ ಸೌದೆಯಾಗಿಯೂ ಉರಿಸಿದರು. ಕ್ಯಾವಿಯರ್‌ಗೆ, ಅಂದರೆ ಉಪ್ಪು ಹಾಕಿದ ಅದರ ಮೊಟ್ಟೆಗೆ, ಬೆಲೆ ಬಂದ ಮೇಲೆ ಉಳಿದದ್ದನ್ನೂ ಹಿಡಿದರು. ಮೊಟ್ಟೆಗೆ ರಭಸದ ನೀರು, ತೊಳೆದಿಟ್ಟಂಥ ಕಲ್ಲು ಬೇಕು; ನದಿಗಳಿಗೆ ಅಣೆಕಟ್ಟು ಬಿದ್ದು ಆ ಜಾಗ ಮುಚ್ಚಿತು. ಡೆಟ್ರಾಯ್ಟ್ ನದಿಯ ಫೈಟಿಂಗ್ ದ್ವೀಪದ ಬಳಿ 2008ರಲ್ಲಿ ಒಡೆದ ಕಲ್ಲು ಹಾಸಿ ಕೃತಕ ದಿಬ್ಬ ಕಟ್ಟಿದರು, ಮರುವಸಂತದಲ್ಲೇ ಸ್ಟರ್ಜನ್ ಅಲ್ಲಿ ಮೊಟ್ಟೆ ಇಟ್ಟಿತು. ಎಲ್ಲ ಕಡೆ ಹೀಗಾಗುವುದಿಲ್ಲ. ಹರಿವಿನ ಲೆಕ್ಕ ತಪ್ಪಿದರೆ ಮರಳು ತುಂಬಿ ಸಂದಿ ಮುಚ್ಚಿಹೋಗುತ್ತದೆ. ಮರಿ ಬಿಡುವಲ್ಲೂ ಪಾಠ ಕಲಿತಿದ್ದಾರೆ. ನದಿದಂಡೆಗೇ ಟ್ರೇಲರ್ ತಂದು, ಆ ನದಿಯ ನೀರನ್ನೇ ತೊಟ್ಟಿಗೆ ಹಾಯಿಸಿ ಮರಿ ಬೆಳೆಸುತ್ತಾರೆ. ಇಪ್ಪತ್ತು ವರ್ಷದ ನಂತರ ಅದು ಅದೇ ನದಿ ಹುಡುಕಿ ಬರಲಿ ಎಂದು.

ನಮ್ಮ ಕೆರೆಯ ಗೆಂಡೆ, ಅವರ ನಿದ್ದೆ ಕೆಡಿಸಿದ ಗೆಂಡೆ

ಹುಲ್ಲು ಗೆಂಡೆ, ಬೆಳ್ಳಿ ಗೆಂಡೆ ನಮ್ಮಲ್ಲಿ ಸಾಕುವ ಮೀನು. ಅಮೆರಿಕದಲ್ಲಿ ಸಾಕಣೆ ಕೊಳಗಳಿಂದ ತಪ್ಪಿಸಿಕೊಂಡು ಮಿಸಿಸಿಪಿ ನದಿಯುದ್ದಕ್ಕೂ ಹಬ್ಬಿವೆ. ಆ ನದಿಜಾಲವನ್ನು ಸರೋವರಕ್ಕೆ ಜೋಡಿಸುವ ಷಿಕಾಗೊ ಕಾಲುವೆಯ ಮೂಲಕ ಮಿಷಿಗನ್ ಸರೋವರಕ್ಕೆ ನುಗ್ಗದಂತೆ ನೀರಿನಲ್ಲಿ ವಿದ್ಯುತ್ ತಡೆ ಹಾಕಿದ್ದಾರೆ. ಇಲ್ಲೂ ಪ್ರಶ್ನೆ ಮೊಟ್ಟೆಯದೇ. ಈ ಗೆಂಡೆಗಳ ಮೊಟ್ಟೆ ಹರಿಯುವ ನೀರಿನಲ್ಲಿ ತೇಲುತ್ತಲೇ ಒಡೆಯಬೇಕು, ತಳಕ್ಕೆ ಕೂತರೆ ಕೆಡುತ್ತದೆ. ಕೆರೆಯಲ್ಲಿ ಇವು ಮರಿ ಮಾಡದಿರುವುದೂ ಇದಕ್ಕೇ. ನೂರು ಕಿಲೋಮೀಟರ್ ಉದ್ದದ ತಡೆಯಿಲ್ಲದ ನದಿ ಬೇಕು, ಮಹಾಸರೋವರಕ್ಕೆ ಸೇರುವ ನದಿಗಳು ಸಾಲವು ಎಂದು ಮೊದಲು ಸಮಾಧಾನಪಟ್ಟಿದ್ದರು. ನೀರು ಬೆಚ್ಚಗಿದ್ದರೆ ಮೊಟ್ಟೆ ಬೇಗ ಒಡೆಯುತ್ತದೆ, ಸುಮಾರು 25 ಕಿಲೋಮೀಟರೇ ಸಾಕು ಎಂದು ಆಮೇಲೆ ಗೊತ್ತಾಯಿತು. 2015ರಲ್ಲಿ ಈರಿಗೆ ಸೇರುವ ಸ್ಯಾಂಡಸ್ಕಿ ನದಿಯಲ್ಲಿ ಹುಲ್ಲು ಗೆಂಡೆಯ ಮೊಟ್ಟೆ ಬಲೆಗೆ ಸಿಕ್ಕಿತು.

ತಿನ್ನುವವರಿಗೆ

ಷಿಕಾಗೊ, ಡೆಟ್ರಾಯ್ಟ್, ಕ್ಲೀವ್‌ಲ್ಯಾಂಡ್, ಟೊರಾಂಟೊದಲ್ಲಿ ಇರುವ ಕನ್ನಡದ ಮನೆಗಳಲ್ಲಿ ಈ ಮೀನು ಬೇಯುತ್ತದೆ, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು. ಈ ನೀರಿನ ಮೀನಿನಲ್ಲಿ ಎರಡು ಬೇರೆ ಬೇರೆ ವಿಷದ ಲೆಕ್ಕವಿದೆ. ಪಿಸಿಬಿ ಎಂಬ ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯ ರಾಸಾಯನಿಕ, 1979ರಲ್ಲಿ ಅಮೆರಿಕದಲ್ಲಿ ನಿಷೇಧವಾದರೂ ತಳದ ಕೆಸರಿನಲ್ಲಿದೆ. ಅದು ಸೇರುವುದು ಕೊಬ್ಬಿನಲ್ಲಿ. ಪಾದರಸ ಸೇರುವುದು ಮಾಂಸದಲ್ಲಿ. ಪಿಸಿಬಿಯನ್ನು ಚಾಕುವಿನಿಂದ ತೆಗೆಯಬಹುದು, ಪಾದರಸವನ್ನು ಆಗದು.

ಟ್ರೌಟ್, ಸಾಲ್ಮನ್ ಕೊಯ್ಯುವಾಗ ಚರ್ಮ ಸುಲಿಯಿರಿ. ಬೆನ್ನಿನ ಮೇಲ್ಗಡೆಯ ಕೊಬ್ಬಿನ ಪಟ್ಟಿ, ಹೊಟ್ಟೆಯ ತೆಳು ಭಾಗ, ಪಕ್ಕೆಯ ನಡುವೆ ಉದ್ದಕ್ಕೆ ಇರುವ ಕಂದು ಮಾಂಸ, ಈ ಮೂರನ್ನು ಕೊಯ್ದು ಎಸೆಯಿರಿ. ಕೊಬ್ಬು ಕೆಳಗೆ ಸೋರುವಂತೆ ಜಾಲರಿಯ ಮೇಲೆ ಸುಡಿ. ಇಷ್ಟು ಮಾಡಿದರೆ ಪಿಸಿಬಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಪದ್ಧತಿಯ ತೊಂದರೆ ಇಲ್ಲೇ: ತಲೆ, ಚರ್ಮ, ಹೊಟ್ಟೆತುಂಡು ಎಲ್ಲ ಹಾಕಿ ಸಾರು ಮಾಡಿದರೆ ಕೊಬ್ಬೆಲ್ಲ ಸಾರಿನಲ್ಲೇ ಉಳಿಯುತ್ತದೆ, ಅನ್ನಕ್ಕೆ ಕಲಸುವುದೂ ಅದನ್ನೇ. ದೊಡ್ಡ ಟ್ರೌಟಿನ ತಲೆ ಸಾರಿಗೆ ಬೇಡ. ಸಿಸ್ಕೊವೆಟ್‌ನಲ್ಲಿ ಕೊಬ್ಬು ಮಾಂಸದ ಎಳೆಎಳೆಯಲ್ಲೂ ಇರುವುದರಿಂದ ಕೊಯ್ದು ತೆಗೆಯುವ ಉಪಾಯ ನಡೆಯುವುದಿಲ್ಲ. ವಾಲೈ, ಪೈಕ್, ಬಾಸ್ ತೆಳು ಮಾಂಸದವು, ಅಲ್ಲಿ ಚಿಂತೆ ಪಾದರಸದ್ದು, ವಯಸ್ಸಾದಷ್ಟೂ ಹೆಚ್ಚು. ನಿಯಮ ಒಪ್ಪುವ ಅಳತೆಯ ಸಣ್ಣದನ್ನೇ ಆರಿಸಿ. ಸಾರಿಗೆ ವೈಟ್‌ಫಿಶ್ ಆಗುತ್ತದೆ, ಆದರೆ ಪದರ ಬೇಗ ಬಿಚ್ಚಿಕೊಳ್ಳುವ ಮೀನದು, ಮಸಾಲೆ ಕುದಿದ ಮೇಲೆ ಕೊನೆಗೆ ಹಾಕಿ, ಸೌಟು ಆಡಿಸಬೇಡಿ. ಪರ್ಚ್ ಅನ್ನು ಕಾಣೆಯ ಹಾಗೆ ರವೆ ಹಚ್ಚಿ ಕಾಯಿಸಿ. ಸುಪೀರಿಯರಿನ ಸ್ಮೆಲ್ಟ್ ಮೀನಿಗೆ ಪಿಎಫ್‌ಎಎಸ್ ಎಂಬ ಸುಲಭಕ್ಕೆ ಕೊಳೆಯದ ಕೈಗಾರಿಕಾ ರಾಸಾಯನಿಕದ ಕಾರಣ 2021ರಿಂದ ತಿಂಗಳಿಗೊಮ್ಮೆ ಎಂಬ ಸಲಹೆ ಇದೆ. ಬಸುರಿಯರು, ಚಿಕ್ಕ ಮಕ್ಕಳಿರುವ ಮನೆಯವರು ತಮ್ಮ ರಾಜ್ಯದ ಅಥವಾ ಪ್ರಾಂತ್ಯದ ಮೀನು ಸಲಹೆ ಪಟ್ಟಿಯಲ್ಲಿ ಸರೋವರ, ಜಾತಿ, ಉದ್ದ ಮೂರನ್ನೂ ಹೊಂದಿಸಿ ನೋಡಿಯೇ ತರಬೇಕು.

ಮಿಷಿಗನ್ ಅಥವಾ ಹ್ಯೂರಾನಿನ ಲೇಕ್ ಟ್ರೌಟ್ ನಿಮ್ಮ ಹಲಗೆಯ ಮೇಲಿದ್ದರೆ ಕೊಯ್ಯುವ ಮೊದಲು ಬೆನ್ನಿನ ಹಿಂಭಾಗ, ಬಾಲಕ್ಕೆ ಸ್ವಲ್ಪ ಮೇಲೆ ನೋಡಿ. ಅಲ್ಲಿ ಎಲುಬಿಲ್ಲದ, ಕಿರುಬೆರಳಿನ ತುದಿಯಷ್ಟು ಮೆತ್ತನೆಯ ರೆಕ್ಕೆಯೊಂದು ಇರಬೇಕು. ಮರಿ ಕೇಂದ್ರದಲ್ಲಿ ಬಿಡುವ ಮೊದಲು ಅದನ್ನು ಕತ್ತರಿಸಿ, ಮೂತಿಯೊಳಗೆ ಒಂದು ಮಿಲಿಮೀಟರ್ ಉದ್ದದ ತಂತಿಯ ಚೂರು ಸೇರಿಸಿರುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಓದಿದರೆ ಯಾವ ಕೇಂದ್ರ, ಯಾವ ವರ್ಷ, ಎಲ್ಲಿ ಬಿಟ್ಟದ್ದು ಎಂದು ಅದರಲ್ಲಿದೆ. ರೆಕ್ಕೆ ಇಲ್ಲದಿದ್ದರೆ ಮೂತಿಯನ್ನು ಕತ್ತರಿಸಿ, ಹಿಡಿದ ದಿನ, ಜಾಗ, ಉದ್ದ ಬರೆದು ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಟ್ಟು ಮೀನುಗಾರಿಕಾ ಇಲಾಖೆಗೆ ಕೊಡಿ. ರೆಕ್ಕೆ ಇದ್ದರೆ, ಆ ಮೀನು ಬಹುಮಟ್ಟಿಗೆ ಯಾವುದೋ ನವೆಂಬರ್ ರಾತ್ರಿ ಕಲ್ಲಿನ ಸಂದಿಗೆ ಬಿದ್ದ ಮೊಟ್ಟೆಯಿಂದಲೇ ಬಂದದ್ದು.